ದಯಾನಂದನ ಸದ್ದಿಲ್ಲದ ಕಂಪ್ಯೂಟರು

ನಾನು ಇನ್ನೊಬ್ಬರ ಮನೆಯ ವಿಷಯಕ್ಕೆ ತಲೆ ಹಾಕುವವನಲ್ಲ. ಎದುರು ಮನೆಯ ಕುಕ್ಕರು ಎಷ್ಟು ಸೀಟಿ ಹೊಡೆಯಿತೆಂದು ಈ ಮನೆಯವರಿಗೆ ಗೊತ್ತಿರುವ ಡೊಂಬಿವಲಿಯಲ್ಲಿ ಹಾಗೆ ಬದುಕುವುದು ಸುಲಭವಲ್ಲ. ಆದರೂ ಬದುಕಿದ್ದೇನೆ. ಎರಡು ಸಾವಿರದ ಆರನೇ ಇಸವಿಯ ಡಿಸೆಂಬರಿನಲ್ಲಿ, ದಯಾನಂದನ ಮನೆಗೆ ಕಂಪ್ಯೂಟರು ಬಂದ ದಿನ ನಾನು ಬಾಗಿಲು ತೆರೆದು ನಿಂತದ್ದು ಗಾಳಿಗೆ.

ದಯಾನಂದ ನನ್ನ ಎದುರು ಮನೆಯವನು. ಉಡುಪಿ ಕಡೆಯವನು, ಕಲ್ಯಾಣದ ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಾನೆ. ನಸುಕಿನ ಲೋಕಲ್ ರೈಲು ಹಿಡಿದು ಹೋದರೆ ಮಧ್ಯಾಹ್ನ ಊಟದ ಹೊತ್ತಿಗೆ ಮನೆಗೆ ಬಂದುಬಿಡುತ್ತಾನೆ. ಆ ದಿನ ಅವನೂ ಅವನ ಮಗಳು ನಿಶ್ಮಿತಾಳೂ ಸೇರಿ, ಹೂವಿನ ಚಿತ್ರದ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ್ದ ಏನನ್ನೋ ಮೆಟ್ಟಿಲು ಹತ್ತಿಸುತ್ತಿದ್ದರು. ಬೆಡ್‌ಶೀಟು ಜಾರಿತು. ಒಳಗೆ ಹಳದಿ ತಿರುಗಿದ ಡಬ್ಬ. ಅದರ ಮೇಲೆ ಯಾವುದೋ ಆಫೀಸಿನ ಚೀಟಿಯನ್ನು ಉಗುರಿನಿಂದ ಕೆರೆದು ಅರ್ಧಕ್ಕೆ ಬಿಟ್ಟಿದ್ದರು.

"ಹೊಸದಾ ಮಾರಾಯ?" ಎಂದೆ, ಸುಮ್ಮನೆ ಮಾತಿಗೆ.

"ಮತ್ತೆ? ಹಳೇದು ತರ್ಲಿಕ್ಕೆ ನಂಗೆಂತ ಹುಚ್ಚಾ ಶೇಖರಣ್ಣ? ಇಂಪೋರ್ಟೆಡ್. ಈ ಹಳದಿ ಬಣ್ಣ ಈಗ ಫಾರಿನಿನಲ್ಲಿ ಫ್ಯಾಷನ್. ಮತ್ತೆ ಸದ್ದು ಅಂದ್ರೆ ಸದ್ದೇ ಇಲ್ಲ. ಹತ್ತಿರ ಹೋಗಿ ಕಿವಿ ಇಟ್ರೆ ಮಾತ್ರ ಉಂಟೋ ಇಲ್ವೋ ಅಂತ ಗೊತ್ತಾಗುದು!"

ಸತ್ಯ ಏನೆಂದರೆ, ಅದು ಸಾನಪಾಡಾದಲ್ಲಿರುವ ಅವನ ಹೆಂಡತಿಯ ಅಣ್ಣ ಮಧ್ವರಾಜ ಕೊಟ್ಟದ್ದು. ಮಧ್ವರಾಜ ತೆಳು ಪರದೆಯ ಹೊಸ ಕಂಪ್ಯೂಟರು ಕೊಂಡು, ಹಳೆಯದನ್ನು "ತಂಗಿಯ ಮನೆಗೆ ಇರಲಿ" ಎಂದು ದಾಟಿಸಿದ್ದ. ಭಾವನ ಮನೆಯ ಹಳೇ ಸಾಮಾನು ಎಂದು ಹೇಳಿಕೊಳ್ಳಲು ಯಾವ ಗಂಡಸಿಗೆ ಬಾಯಿ ಬರುತ್ತದೆ? ಮೇಲಾಗಿ ಆಗಲೇ ಕೆಳಗಿನ ಮನೆಯ ಲೇಲೆ ಕಾಕಾ ತರಕಾರಿ ಚೀಲ ಹಿಡಿದು ಮೇಲೆ ಬರುತ್ತಿದ್ದರು. ದಯಾನಂದ ಅವರ ಮುಂದೆಯೂ ಅದೇ ಮಾತನ್ನು, ಈ ಸಲ ಮರಾಠಿಯಲ್ಲಿ, ಇನ್ನೂ ಸ್ವಲ್ಪ ಒಗ್ಗರಣೆ ಹಾಕಿ ಹೇಳಿದ. ಸಂಜೆಯೊಳಗೆ ದಯಾನಂದನ ಸದ್ದಿಲ್ಲದ ಫಾರಿನ್ ಕಂಪ್ಯೂಟರಿನ ಸುದ್ದಿ ಇಡೀ ಕಟ್ಟಡಕ್ಕೆ ಗೊತ್ತಾಗಿತ್ತು.

ಮರುದಿನ ಭಾನುವಾರ ಮಧ್ಯಾಹ್ನ ಅವನು ಸ್ವಿಚ್ ಒತ್ತಿದ.

ಮೊದಲು ಒಂದು ಕೆಮ್ಮು ಕೇಳಿಸಿತು. ಆಮೇಲೆ ಗೊರಗೊರ. ಆಮೇಲೆ ಗಿರಣಿ ಹತ್ತಿಕೊಂಡ ಹಾಗೆ ಗರ್‍ರ್‍ರ್ ಎಂದು ಒಂದೇ ಸಮನೆ. ನನ್ನ ಮನೆಯ ಶೋಕೇಸಿನಲ್ಲಿದ್ದ ಗಾಜಿನ ಲೋಟಗಳು ಒಂದಕ್ಕೊಂದು ಮಾತಾಡತೊಡಗಿದವು. ದಯಾನಂದನಿಗೆ ತಾಳಮದ್ದಳೆಯ ಹುಚ್ಚು. ಊರಿನಿಂದ ತಂದ ಸಿ.ಡಿ.ಯಲ್ಲಿ ಅರ್ಥಧಾರಿಗಳು ಗಂಟೆಗಟ್ಟಲೆ ವಾದ ಮಾಡುವುದನ್ನು ಕೇಳಬೇಕೆಂದೇ ಅವನು ಈ ಯಂತ್ರವನ್ನು ಒಪ್ಪಿಕೊಂಡದ್ದು. ಈಗ ಅರ್ಥಧಾರಿಗಳಿಗಿಂತ ಡಬ್ಬದ ಒಳಗಿನ ಫ್ಯಾನೇ ಹೆಚ್ಚು ವಾದ ಮಾಡುತ್ತಿತ್ತು. ಯಾರ ಮಾತೂ ತಿಳಿಯದೆ ದಯಾನಂದ ಕಿವಿಗೆ ಕೈ ಹಿಡಿದು ಕೂತಿದ್ದ.

ಇಲ್ಲಿ ಲೇಲೆ ಕಾಕಾರ ಬಗ್ಗೆ ಎರಡು ಮಾತು ಹೇಳಲೇಬೇಕು. ಅವರು ರೈಲ್ವೆಯಲ್ಲಿದ್ದು ನಿವೃತ್ತರಾದವರು, ನಮ್ಮ ಸೊಸೈಟಿಯ ಸೆಕ್ರೆಟರಿ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅವರು ಮಲಗುತ್ತಾರೆ. ಸುಮ್ಮನೆ ಮಲಗುವುದಲ್ಲ, ವ್ರತ ಹಿಡಿದವರಂತೆ ಮಲಗುತ್ತಾರೆ. ಆ ಹೊತ್ತಿನಲ್ಲಿ ಶಾಂತತೆ ಇರಬೇಕೆಂದು ಮೆಟ್ಟಿಲ ಬುಡದಲ್ಲಿ ಕೆಂಪು ಅಕ್ಷರದ ಬೋರ್ಡು ಬರೆಸಿದ್ದಾರೆ. ಆ ಬೋರ್ಡು ನೋಡಿ ಕೊರಿಯರಿನವರೂ ಬೆರಳ ತುದಿಯಲ್ಲಿ ಮೆಟ್ಟಿಲು ಹತ್ತುತ್ತಾರೆ. ಅಂಥವರ ತಲೆಯ ಮೇಲೆ ಸರಿಯಾಗಿ ಎರಡೂವರೆಗೆ ಈ ಗರ್‍ರ್‍ರ್.

ಬನಿಯನ್, ಪೈಜಾಮ, ಕೆನ್ನೆಯ ಮೇಲೆ ದಿಂಬಿನ ಗೆರೆ. ಲೇಲೆ ಕಾಕಾ ಬಂದು ಬಾಗಿಲು ಬಡಿದರು. ಅವರು ಆಡಿದ್ದೆಲ್ಲ ಮರಾಠಿಯಲ್ಲಿ. ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ, ಸಿಟ್ಟು ಮಾತ್ರ ಅವರದ್ದೇ.

"ದಯಾನಂದ, ಇದೇನು ಸದ್ದು?"

ದಯಾನಂದ ಬಾಗಿಲು ತೆರೆಯುವ ಮೊದಲೇ ಪ್ಲಗ್ಗು ಕಿತ್ತಿದ್ದ. "ಸದ್ದಾ? ಯಾವ ಸದ್ದು ಕಾಕಾ?"

"ಗರಗರ ಅಂತ. ನಿನ್ನ ಕಂಪ್ಯೂಟರಾ?"

"ಛೆ ಛೆ! ಹೊಸ ಕಂಪ್ಯೂಟರಿಗೆ ಸದ್ದು ಇರ್ತದಾ ಕಾಕಾ? ನಾನು ನಿನ್ನೆಯೇ ಹೇಳಿಲ್ವಾ?"

ಲೇಲೆ ಕಾಕಾ ಅವನ ಹೆಗಲ ಮೇಲಿಂದ ಒಳಗೆ ಇಣುಕಿದರು. ಅಡುಗೆಮನೆಯ ಕಟ್ಟೆಯ ಮೇಲೆ ಎರಡು ದೊಡ್ಡ ಪಾತ್ರೆಗಳಲ್ಲಿ ಉದ್ದೂ ಅಕ್ಕಿಯೂ ನೆನೆಯುತ್ತಿದ್ದವು. ದಯಾನಂದನ ಹೆಂಡತಿ ಹರಿಣಾಕ್ಷಿಯ ಮನೆಯಲ್ಲಿ ವಾರಕ್ಕೆರಡು ಸಲ ಉದ್ದು ನೆನೆಯದಿದ್ದರೆ ಆಶ್ಚರ್ಯಪಡಬೇಕು. ಆದರೆ ಲೇಲೆ ಕಾಕಾ ಬೇರೆಯೇ ಆಶ್ಚರ್ಯಪಟ್ಟರು. ಹೊರಗೆ ಬಂದು ನನ್ನನ್ನು ಮೆಟ್ಟಿಲಲ್ಲಿ ಹಿಡಿದರು.

"ನೋಡು ಶೇಖರ. ಹೊಸ ಕಂಪ್ಯೂಟರಿಗೆ ಸದ್ದಿಲ್ಲ ಅಂತ ಅವನೇ ಹೇಳ್ತಾನೆ. ಸದ್ದಂತೂ ಬರ್ತಾ ಇದೆ. ಮನೆಯಲ್ಲಿ ಉದ್ದು ನೆನೆದಿದೆ. ಮನುಷ್ಯ ಉಡುಪಿ ಹೋಟೆಲಿನವನು. ಹಾಗಾದರೆ ಏನು?"

"ಏನು ಕಾಕಾ?"

"ಗ್ರೈಂಡರ್! ಮನೆಯಲ್ಲಿ ಇಡ್ಲಿ ಹಿಟ್ಟಿನ ಫ್ಯಾಕ್ಟರಿ ಹಾಕಿದ್ದಾನೆ!"

ಈ ವಾದದಲ್ಲಿ ಎಲ್ಲಿಯೂ ತೂತು ಇರಲಿಲ್ಲ. ಸುಳ್ಳು ಎನ್ನುವುದೊಂದು ಬಿಟ್ಟರೆ ಬೇರೆ ದೋಷವೇ ಇರಲಿಲ್ಲ.

ಅಂದಿನಿಂದ ದಯಾನಂದ ಖರ್ಚಿಲ್ಲದೆ ಸದ್ದು ಅಡಗಿಸುವ ಪ್ರಯೋಗಕ್ಕೆ ಇಳಿದ. ಡಬ್ಬದ ಅಡಿಗೆ ನಾರಿನ ಕಾಲೊರಸು ಹಾಸಿದ. ಸದ್ದು ಕಾಲೊರಸಿನ ಮೂಲಕ ಇಳಿಯಲಿಲ್ಲ, ಗೋಡೆಗೆ ಹತ್ತಿತು. ಗೋಡೆಯಿಂದ ದೂರ ಎಳೆದ. ಗೋದ್ರೆಜ್ ಕಪಾಟು ನಡುಗತೊಡಗಿತು. ಗಣಪತಿಯ ಮಂಟಪಕ್ಕೆಂದು ತಂದಿದ್ದ ಥರ್ಮಾಕೋಲನ್ನು ಅಟ್ಟದಿಂದ ಇಳಿಸಿ, ಕತ್ತರಿಸಿ, ಕಂಪ್ಯೂಟರಿಗೆ ನಾಲ್ಕೂ ಕಡೆ ಮನೆ ಕಟ್ಟಿದ. ಬಾಗಿಲಿಗೆ ಬೆಳ್ಳಿ ಬಣ್ಣದ ಕಂಬಗಳೂ ಇದ್ದವು. ಸದ್ದು ನಿಜಕ್ಕೂ ಕಡಿಮೆಯಾಯಿತು. ಸ್ವಲ್ಪ ಹೊತ್ತಿನಲ್ಲಿ ಕಂಪ್ಯೂಟರೂ ಕಾದು ತಾನಾಗಿಯೇ ಆರಿಹೋಯಿತು.

"ಪಪ್ಪಾ, ಫ್ಯಾನ್ ಬದಲ್ ದೋ ನಾ," ಎಂದಳು ನಿಶ್ಮಿತಾ. ಕಾಲೇಜಿಗೆ ಹೋಗುವ ಹುಡುಗಿ. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಕಲ್ಯಾಣ್ ಮೇ ಸಸ್ತೇ ಮೇ ಮಿಲ್ತಾ ಹೈ." ಕಲ್ಯಾಣದಲ್ಲಿ ಅಗ್ಗಕ್ಕೆ ಸಿಗುತ್ತದಂತೆ.

ದಯಾನಂದನಿಗೆ ಮೈಯೆಲ್ಲ ಉರಿಯಿತು. "ಫ್ಯಾನು ಬದಲಿಸುದಾ? ಹೊಸ ಕಂಪ್ಯೂಟರಿಗೆ ಯಾರಾದ್ರೂ ಫ್ಯಾನು ಬದಲಿಸ್ತಾರಾ?"

ನೋಡಿ, ಮನುಷ್ಯ ತಾನು ಹೇಳಿದ ಸುಳ್ಳನ್ನು ಎಲ್ಲರಿಗಿಂತ ಮೊದಲು ತಾನೇ ನಂಬಿಬಿಟ್ಟಿದ್ದ.

ಕೊನೆಗೆ ನನ್ನ ಹತ್ತಿರ ಬಂದ. ನಾನು ಬ್ಯಾಂಕಿನಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವನಾದ್ದರಿಂದ ನನಗೆ ಅದರ ಹೊಟ್ಟೆಯೊಳಗಿನದೂ ಗೊತ್ತಿರಬೇಕೆಂದು ಅವನ ಲೆಕ್ಕ. ತಿರುಗುವ ವಸ್ತು ಸದ್ದು ಮಾಡಿದರೆ ಒಂದು ಹನಿ ಎಣ್ಣೆ ಬಿಡಬೇಕು ಎಂದೆ. ಇದನ್ನು ನಾನು ಹೇಳಿದ್ದು ನಿಜ. ಯಾವ ಎಣ್ಣೆ ಎಂದು ಹೇಳಿರಲಿಲ್ಲ, ಅದೂ ನಿಜ.

ನಮ್ಮ ಕಡೆಯವರಿಗೆ ಎಣ್ಣೆ ಎಂದರೆ ಒಂದೇ. ಊರಿನ ಗಾಣದಲ್ಲಿ ತೆಗೆಸಿ, ಕ್ಯಾನಿನಲ್ಲಿ ತುಂಬಿಸಿ, ಬಸ್ಸಿನಲ್ಲಿ ಕಾಲಡಿಯಲ್ಲಿ ಕಾಪಾಡಿಕೊಂಡು ತಂದ ತೆಂಗಿನೆಣ್ಣೆ. ತಲೆಗೆ ಅದೇ, ಒಗ್ಗರಣೆಗೆ ಅದೇ, ಸುಟ್ಟ ಗಾಯಕ್ಕೆ ಅದೇ, ಕಿರುಗುಟ್ಟುವ ಬಾಗಿಲಿಗೂ ಅದೇ. ದಯಾನಂದ ಡಬ್ಬ ಬಿಚ್ಚಿ, ಫ್ಯಾನಿಗೆ ಮಗುವಿನ ನೆತ್ತಿಗೆ ತಟ್ಟುವ ಹಾಗೆ ಎಣ್ಣೆ ತಟ್ಟಿದ. ಒಂದು ಹನಿ ಎಂದದ್ದು ಅವನ ಕೈಯಲ್ಲಿ ಒಂದು ಸೌಟು ಆಯಿತು.

ಅರ್ಧ ದಿನ ಸದ್ದೇ ಇರಲಿಲ್ಲ. ದಯಾನಂದ ನನ್ನ ಕೈ ಹಿಡಿದು ಕುಲುಕಿದ. ಮರುದಿನದಿಂದ ಎಣ್ಣೆಗೆ ಧೂಳು ಸೇರಿ, ಮೊದಲು ಒಣಗಿದ್ದ ಸದ್ದು ಈಗ ಹಸಿಯಾಗಿ, ಗುಳುಗುಳು ಗರ್‍ರ್, ಗುಳುಗುಳು ಗರ್‍ರ್ ಎಂದು ಬರತೊಡಗಿತು. ಕೆಳಗೆ ಲೇಲೆ ಕಾಕಾ ದಿಂಬಿನಿಂದ ತಲೆಯೆತ್ತಿ ಹೆಂಡತಿಗೆ ಹೇಳಿದರಂತೆ: "ಕೇಳು! ಈಗ ಹಿಟ್ಟು ನುಣ್ಣಗಾಗ್ತಾ ಬಂತು."

ಅಷ್ಟೇ ಆಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ಆದರೆ ಡಬ್ಬ ಕಾದಂತೆ ಒಳಗಿನ ಎಣ್ಣೆಯೂ ಕಾಯಿತು. ಬಾಳೆಕಾಯಿ ಚಿಪ್ಸ್ ಕರಿಯುವ ಬಾಣಲೆಯ ಪರಿಮಳ ಮೂರೂ ಮಹಡಿಗೆ ಹಬ್ಬಿತು. ಮಧ್ಯಾಹ್ನದ ಹೊತ್ತು ಜನ ಬಾಗಿಲು ತೆರೆದು ಮೂಗು ಮೇಲೆ ಮಾಡಿ ನಿಲ್ಲುತ್ತಿದ್ದರು. ಮೂರನೇ ಮಹಡಿಯವರು ಮೆಟ್ಟಿಲಲ್ಲಿ ಸಿಕ್ಕಿದ ನಿಶ್ಮಿತಾಳನ್ನು ಕೇಳಿಯೇಬಿಟ್ಟರು, ಉಪ್ಪಿನದು ಮಾತ್ರವೋ, ಮಸಾಲೆಯದೂ ಮಾಡುತ್ತೀರೋ ಎಂದು.

ಆಮೇಲೆ ಲೇಲೆ ಕಾಕಾರ ಹೆಂಡತಿ ಕಾಕೂ ಬಂದರು. ಸೆರಗಿನಡಿಯಲ್ಲಿ ಒಂದು ಸ್ಟೀಲ್ ಡಬ್ಬಿ. ಆಚೀಚೆ ನೋಡಿ ಒಳಗೆ ನುಗ್ಗಿ ಬಾಗಿಲು ಹಾಕಿಕೊಂಡರು.

"ಹರಿಣಾಕ್ಷಿ, ನಾನು ಕಾಕಾನಿಗೆ ಹೇಳುವುದಿಲ್ಲ. ಸ್ವಲ್ಪ ಹಿಟ್ಟು ಕೊಡು."

ಹರಿಣಾಕ್ಷಿಗೆ ಏನೂ ಅರ್ಥವಾಗಲಿಲ್ಲ. ಆದರೆ ಪಾತ್ರೆ ಹಿಡಿದು ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಅವಳ ತಾಯಿಯ ಮನೆಯಲ್ಲೂ ಇರಲಿಲ್ಲ, ಅತ್ತೆಯ ಮನೆಯಲ್ಲೂ ಇರಲಿಲ್ಲ. ಡಬ್ಬಿ ತುಂಬಿಸಿ ಕೊಟ್ಟಳು. ಕಾಕೂ ದುಡ್ಡು ತೆಗೆದರೆ "ಅಯ್ಯೋ, ಹಿಟ್ಟಿಗೆ ಯಾರಾದ್ರೂ ದುಡ್ಡು ತೆಗೊಳ್ತಾರಾ?" ಎಂದು ಕೈ ತಳ್ಳಿದಳು.

ಕಾಕೂ ಕೆಳಗೆ ಹೋಗಿ ನಾಲ್ಕು ಜನರಿಗೆ ಹೇಳಿದ್ದು: "ಈಗ ಸ್ಯಾಂಪಲ್ ಫ್ರೀ ಕೊಡ್ತಾ ಇದ್ದಾಳೆ."

ಮರುದಿನ ಬಾಗಿಲಲ್ಲಿ ಡಬ್ಬಿಗಳ ಸಾಲು. ಹರಿಣಾಕ್ಷಿ ಯಾರಿಗೂ ಇಲ್ಲ ಎನ್ನಲಿಲ್ಲ. ಕೊಡಲು ಹಿಟ್ಟು ಬೇಕಲ್ಲ, ಇನ್ನಷ್ಟು ಉದ್ದು ನೆನೆಹಾಕಿದಳು, ಮಿಕ್ಸರಿನಲ್ಲಿ ರುಬ್ಬಿದಳು. ಈಗ ಆ ಮನೆಯಲ್ಲಿ ಕಂಪ್ಯೂಟರೂ ಸದ್ದು ಮಾಡುತ್ತಿತ್ತು, ಮಿಕ್ಸರೂ ಮಾಡುತ್ತಿತ್ತು. ದಯಾನಂದ ಮಾತ್ರ ಯಾರು ಕೇಳಿದರೂ "ನಮ್ಮಲ್ಲಿ ಸದ್ದೇ ಇಲ್ಲ" ಎನ್ನುತ್ತಿದ್ದ.

ಅಷ್ಟರಲ್ಲಿ ಲೇಲೆ ಕಾಕಾ ಮಾಡಬೇಕಾದ್ದನ್ನು ಮಾಡಿದ್ದರು. ದಯಾನಂದನದ್ದು ಸ್ವಂತ ಮನೆಯಲ್ಲ. ಹನ್ನೊಂದು ತಿಂಗಳ ಕರಾರಿನ ಬಾಡಿಗೆ ಮನೆ, ಕರಾರು ಜನವರಿಗೆ ಮುಗಿಯುತ್ತಿತ್ತು. ಮನೆಯ ಮಾಲಕ ಮ್ಹಾತ್ರೆ ಶೇಟ್ ಸ್ಟೇಷನ್ನಿನ ಆಚೆ ಬದಿಯಲ್ಲಿದ್ದವರು. ಕೊರಳಲ್ಲಿ ಚಿನ್ನದ ಸರಪಳಿ, ಮಾತು ಕಡಿಮೆ. ಲೇಲೆ ಕಾಕಾ ಅವರಿಗೆ ಫೋನು ಮಾಡಿದರು, ಅವರು ದಯಾನಂದನಿಗೆ ಫೋನು ಮಾಡಿದರು. ಭಾನುವಾರ ಬೆಳಿಗ್ಗೆ ಬಂದು ನೋಡುತ್ತೇನೆ, ಮನೆಯಲ್ಲಿ ಧಂದೆ ನಡೆಯುತ್ತಿದ್ದರೆ ಕರಾರು ಇಲ್ಲ, ಸಾಮಾನು ಕಟ್ಟು. ಇಷ್ಟೇ ಹೇಳಿ ಫೋನು ಇಟ್ಟರು.

ಶನಿವಾರ ಸಂಜೆ ನಾನು ಅವರ ಮನೆಯಲ್ಲಿದ್ದೆ. ತಲೆ ಹಾಕಲು ಅಲ್ಲ. ಕರೆದರು, ಹೋಗಿದ್ದೆ.

ಹರಿಣಾಕ್ಷಿ ಸಾಮಾನ್ಯವಾಗಿ ದನಿಯೇರಿಸುವ ಹೆಂಗಸಲ್ಲ. ಅಂದು ಏರಿಸಿದಳು. "ಮದುವೆಯಾದ ಮೇಲೆ ಎಷ್ಟು ಮನೆ ಬದಲಾಯಿಸಿದ್ದೇವೆ, ನಿಮಗೆ ನೆನಪುಂಟಾ? ಕಲ್ಯಾಣದಲ್ಲಿ ಒಂದು, ಭಿವಂಡಿ ರಸ್ತೆಯಲ್ಲಿ ಒಂದು, ಆ ನೀರಿಲ್ಲದ್ದು ಒಂದು. ಪ್ರತಿ ಸಲ ಪಾತ್ರೆ ಕಟ್ಟುದು ನಾನು, ಬಿಚ್ಚುದು ನಾನು. ಈ ಮನೆಯಲ್ಲಿ ಮಾತ್ರ ಪೂರ್ವಕ್ಕೆ ಕಿಟಕಿ ಉಂಟು. ಬೆಳಿಗ್ಗೆ ಬಿಸಿಲು ಬರ್ತದೆ, ತುಳಸಿ ಚಿಗುರಿದೆ. ನಾನು ಇನ್ನು ಪಾತ್ರೆ ಕಟ್ಟುದಿಲ್ಲ. ನಾಳೆ ಅವರಿಗೆ ಹೇಳಿಬಿಡಿ, ಅದು ನಮ್ಮ ಅಣ್ಣನ ಹಳೇ ಕಂಪ್ಯೂಟರು, ಅದರದ್ದೇ ಸದ್ದು ಅಂತ."

"ಹೇಗೆ ಹೇಳುದು ಹರಿಣಾ? ಇಡೀ ಬಿಲ್ಡಿಂಗಿಗೆ ಹೊಸದು ಅಂತ ಹೇಳಿದ್ದೇನೆ. ಮೆಟ್ಟಿಲಲ್ಲಿ ತಲೆಯೆತ್ತಿ ನಡಿಯುದು ಬೇಡ್ವಾ?"

"ಮನೆಯೇ ಇಲ್ಲದಿದ್ರೆ ಮೆಟ್ಟಿಲು ಎಲ್ಲಿಂದ ಬಂತು?" ಎಂದು ಅವಳು ಒಳಗೆ ಹೋದಳು.

ಇಷ್ಟು ಸ್ಪಷ್ಟವಾಗಿ ಹೇಳಿದರೂ ದಯಾನಂದನ ತಲೆಗೆ ಹೋದದ್ದು ಬೇರೆ. ನನ್ನನ್ನು ಮೂಲೆಗೆ ಎಳೆದು ಪಿಸುಗುಟ್ಟಿದ: "ಶೇಖರಣ್ಣ, ನಾಳೆ ಒಂದು ಗಂಟೆ ಇದು ಬಾಯಿ ಮುಚ್ಚಿದ್ರೆ ಸಾಕು. ಶೇಟ್ ಬರ್ತಾರೆ, ಸದ್ದಿಲ್ಲ ಅಂತ ನೋಡ್ತಾರೆ, ಹೋಗ್ತಾರೆ. ಮಾನವೂ ಉಳೀತದೆ, ಮನೆಯೂ ಉಳೀತದೆ." ಹಾಗೆಂದವನೇ ಡಬ್ಬ ಬಿಚ್ಚಿ, ಬಾಟಲಿಯಲ್ಲಿ ಉಳಿದಿದ್ದ ಎಣ್ಣೆಯನ್ನೆಲ್ಲ ಫ್ಯಾನಿಗೆ ಸುರಿದ.

ಆ ವರ್ಷ ಡೊಂಬಿವಲಿಯಲ್ಲಿ ಚಳಿ ಇತ್ತು. ಭಾನುವಾರ ಬೆಳಿಗ್ಗೆಯಂತೂ ವಾಚ್‌ಮ್ಯಾನ್ ಕಿವಿಗೆ ಟವೆಲ್ ಸುತ್ತಿ, ಟಯರು ಸುಟ್ಟು ಮೈ ಕಾಯಿಸುತ್ತಿದ್ದ. ಮ್ಹಾತ್ರೆ ಶೇಟ್ ಬಂದರು. ಹಿಂದೆ ಲೇಲೆ ಕಾಕಾ, ಮಫ್ಲರು ಕಟ್ಟಿಕೊಂಡು. ಅವರ ಹಿಂದೆ ಕಾಕೂ, ಕೈಯಲ್ಲಿ ಡಬ್ಬಿ ಹಿಡಿದದ್ದು ನೆನಪಾಗಿ ಅದನ್ನು ಬೆನ್ನ ಹಿಂದೆ ಮಾಡಿದರು. ನಾನು ಸಾಕ್ಷಿಗೆಂದು ಮುಂದಿನ ಕುರ್ಚಿಯಲ್ಲೇ ಕೂತೆ.

"ಇದೇ ನಮ್ಮ ಕಂಪ್ಯೂಟರು," ಎಂದು ದಯಾನಂದ ಸ್ವಿಚ್ ಒತ್ತಿದ.

ಹಸಿರು ದೀಪ ಹತ್ತಿತು. ಪರದೆಯಲ್ಲಿ ಅಕ್ಷರಗಳು ಮೂಡಿದವು. ಸದ್ದು ಇಲ್ಲ. ಕೆಮ್ಮಿಲ್ಲ, ಗೊರಗೊರವಿಲ್ಲ. ಕೆಳಗಿನ ರಸ್ತೆಯಲ್ಲಿ ಹಾಲಿನವನ ಸೈಕಲ್ ಹೋದದ್ದೂ ಕೇಳಿಸಿತು. ದಯಾನಂದನ ಮುಖ ಅರಳಿತು. ಎರಡೂ ಕೈ ಚಾಚಿ, ತಾನೇ ಅದನ್ನು ತಯಾರಿಸಿದವನಂತೆ ಹೇಳಿದ: "ನೋಡಿ ಶೇಟ್! ಸದ್ದು ಉಂಟಾ? ನಾನು ಹೇಳಿರ್ಲಿಲ್ವಾ?"

ಮ್ಹಾತ್ರೆ ಶೇಟ್ ತಲೆಯಾಡಿಸಿದರು. "ಇಲ್ಲ. ಸದ್ದೇ ಇಲ್ಲ. ಹಾಗಾದರೆ ಆ ಗ್ರೈಂಡರ್ ಎಲ್ಲಿದೆ, ತೋರಿಸು."

ದಯಾನಂದನ ಚಾಚಿದ ಕೈ ಚಾಚಿದಂತೆಯೇ ಉಳಿಯಿತು.

"ಎರಡು ವಾರದಿಂದ ಗರಗರ ಅಂತಿದ್ದದ್ದು ಇದಲ್ಲ ಅಂತ ಈಗ ಎಲ್ಲರ ಎದುರೇ ಸಾಬೀತಾಯ್ತು," ಎಂದರು ಲೇಲೆ ಕಾಕಾ, ಮಫ್ಲರು ಬಿಗಿ ಮಾಡಿಕೊಳ್ಳುತ್ತ. "ಇನ್ನು ಉಳಿದದ್ದು ಗ್ರೈಂಡರ್ ಒಂದೇ."

ಶೇಟ್ ಅಡುಗೆಮನೆಗೆ ಹೋದರು. ಅಲ್ಲಿ ಉಬ್ಬಿ ನಿಂತ ಹಿಟ್ಟಿನ ಪಾತ್ರೆಗಳು, ಗೋಡೆಗೆ ಒರಗಿಸಿಟ್ಟ ಉದ್ದಿನ ಚೀಲ, ಯಾರ್‍ಯಾರದೋ ಹೆಸರು ಕೆತ್ತಿಸಿದ ಸ್ಟೀಲ್ ಡಬ್ಬಿಗಳು. ಮಂಚದಡಿ ನೋಡಿದರು, ಅಟ್ಟ ನೋಡಿದರು. ಗ್ರೈಂಡರ್ ಸಿಗಲಿಲ್ಲ. ಸಿಗದದ್ದು ಇನ್ನೂ ದೊಡ್ಡ ಅಪರಾಧವಾಯಿತು.

"ಅಡಗಿಸಿಟ್ಟಿದ್ದಾನೆ," ಎಂದರು ಲೇಲೆ ಕಾಕಾ.

ಮ್ಹಾತ್ರೆ ಶೇಟ್ ಹೊರಗೆ ಬಂದು ಕೈ ಒರಸಿಕೊಂಡರು. "ಜನವರಿ ಕೊನೆಗೆ ಖಾಲಿ ಮಾಡು."

ಹರಿಣಾಕ್ಷಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಸೆರಗಿನ ತುದಿಯನ್ನು ಕಣ್ಣಿಗೆ ಒತ್ತಿಕೊಂಡಳು, ಅಷ್ಟೇ. ದಯಾನಂದ ಅದನ್ನು ನೋಡಿದ. ಈ ಮನುಷ್ಯನನ್ನು ಇಷ್ಟು ವರ್ಷ ಕಂಡಿದ್ದೇನೆ, ಅವನ ಮುಖದಿಂದ ಜಂಬವೆಲ್ಲ ಒಂದೇ ಸಲಕ್ಕೆ ಇಳಿದುಹೋದದ್ದನ್ನು ಅವತ್ತೇ ನೋಡಿದ್ದು.

"ಶೇಟ್, ನಿಲ್ಲಿ," ಎಂದ. "ಗ್ರೈಂಡರೂ ಇಲ್ಲ, ಫ್ಯಾಕ್ಟರಿಯೂ ಇಲ್ಲ. ಇದು ಹಳೇ ಕಂಪ್ಯೂಟರು. ನನ್ನ ಹೆಂಡತಿಯ ಅಣ್ಣ ಬೇಡ ಅಂತ ಕೊಟ್ಟದ್ದು. ಹೊಸದು ಅಂತ ನಾನು ಸುಳ್ಳು ಹೇಳಿದ್ದು. ಎಲ್ಲ ಸದ್ದೂ ಇದರದ್ದೇ."

ಕೋಣೆಯಲ್ಲಿ ಎಲ್ಲರೂ ಕಂಪ್ಯೂಟರನ್ನು ನೋಡಿದರು. ಅದು ಪುಟ್ಟ ಮಗು ನಿದ್ದೆ ಮಾಡುವ ಹಾಗೆ ಕೂತಿತ್ತು.

"ಯಾವ ಸದ್ದು?" ಎಂದರು ಲೇಲೆ ಕಾಕಾ.

"ಮಾಡ್ತದೆ ಕಾಕಾ! ದೇವರಾಣೆ ಮಾಡ್ತದೆ!" ದಯಾನಂದ ಡಬ್ಬಕ್ಕೆ ಒಂದು ಪೆಟ್ಟು ಕೊಟ್ಟ. ಸುಮ್ಮನೆ. ಇನ್ನೊಂದು ಕೊಟ್ಟ. ಸುಮ್ಮನೆ. "ಗರ್‍ರ್ ಅಂತದೆ ಶೇಟ್, ಮೊದಲು ಕೆಮ್ಮುತ್ತದೆ, ಆಮೇಲೆ ಹೀಗೆ, ಗುಳುಗುಳು ಗರ್‍ರ್‍ರ್..." ಎಂದು ತಾನೇ ಬಾಯಲ್ಲಿ ಮಾಡಿ ತೋರಿಸಿದ. ಎರಡು ವಾರ ಅದರ ಬಾಯಿ ಮುಚ್ಚಿಸಲು ಒದ್ದಾಡಿದವನಿಗೆ ಈಗ ಅದರ ಕಾಲು ಹಿಡಿಯುವುದೊಂದು ಬಾಕಿ. "ಶೇಖರಣ್ಣ, ನೀವಾದ್ರೂ ಹೇಳಿ ಮಾರಾಯ್ರೆ!"

ನಾನು ಎದ್ದು ನಿಂತು, ಸದ್ದು ಕಂಪ್ಯೂಟರಿನದ್ದೇ, ನನ್ನ ಶೋಕೇಸಿನ ಲೋಟಗಳೇ ಸಾಕ್ಷಿ ಎಂದೆ. ಮ್ಹಾತ್ರೆ ಶೇಟ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವರೂ ಅವನ ಊರಿನ ಕಡೆಯವರೇನು?" ಎಂದು ಕಾಕಾನನ್ನು ಕೇಳಿದರು. ಸಾಕ್ಷಿ ಅಲ್ಲಿಗೇ ಬಿದ್ದುಹೋಯಿತು.

ಆಗ ಮಾತಾಡಿದ್ದು ನಿಶ್ಮಿತಾ. ಅವಳು ಕಿಟಕಿಯ ಹತ್ತಿರ ತಲೆ ಬಾಚಲು ಎಣ್ಣೆಯ ಬಾಟಲಿ ಎತ್ತಿ ತಲೆಕೆಳಗೆ ಹಿಡಿದಿದ್ದಳು. ತಳದಲ್ಲಿ ಉಳಿದಿದ್ದ ಒಂದಿಷ್ಟು ಎಣ್ಣೆ ಬೆಣ್ಣೆಯಂತೆ ಬೆಳ್ಳಗೆ ಅಂಟಿಕೊಂಡಿತ್ತು, ಒಂದು ಹನಿಯೂ ಬೀಳಲಿಲ್ಲ.

"ಪಪ್ಪಾ," ಎಂದಳು, "ತೇಲ್ ಜಮ್ ಗಯಾ."

ಎಣ್ಣೆ ಹೆಪ್ಪುಗಟ್ಟಿದೆ. ಬಾಟಲಿಯಲ್ಲಿ ಗಟ್ಟಿಯಾದದ್ದು ಫ್ಯಾನಿನಲ್ಲಿ ಗಟ್ಟಿಯಾಗದೆ ಇರುತ್ತದೆಯೇ? ರೆಕ್ಕೆಗಳೆಲ್ಲ ಅಂಟಿಕೊಂಡು ನಿಂತುಬಿಟ್ಟಿದ್ದವು.

ಹರಿಣಾಕ್ಷಿಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ. ಚಳಿಗಾಲದಲ್ಲಿ ಬೆಳಿಗ್ಗೆ ಎದ್ದು ಎಣ್ಣೆಯ ಬಾಟಲಿಯನ್ನು ಬಿಸಿಲಿಗಿಡುವುದು ಅವಳು ಹುಟ್ಟಿದಾಗಿನಿಂದ ಕಂಡ ಕೆಲಸ. ಸೆರಗು ಸಿಕ್ಕಿಸಿದಳು. ಕಂಪ್ಯೂಟರಿನ ಡಬ್ಬವನ್ನು ವಯರಿನ ಸಮೇತ ಎತ್ತಿ, ಪೂರ್ವದ ಕಿಟಕಿಯಲ್ಲಿ ತುಳಸಿಯ ಪಕ್ಕದಲ್ಲಿ, ಬಿಸಿಲು ಬೀಳುವ ಜಾಗದಲ್ಲಿ ಇಟ್ಟು ಮುಚ್ಚಳ ತೆಗೆದಳು. ಆಮೇಲೆ ಮ್ಹಾತ್ರೆ ಶೇಟರ ಕಡೆಗೆ ತಿರುಗಿ, ತನ್ನ ಅರೆಬರೆ ಹಿಂದಿಯಲ್ಲಿ, "ಶೇಟ್, ಥೋಡಾ ಬೈಠೋ. ಎಣ್ಣೆ ಕರಗಲಿ," ಎಂದಳು.

ಮಾಲಕ, ಸೆಕ್ರೆಟರಿ, ಸಾಕ್ಷಿ, ಎಲ್ಲರೂ ಕೂತು ಕಂಪ್ಯೂಟರು ಕರಗುವುದನ್ನು ಕಾಯತೊಡಗಿದೆವು. ಮನೆಗೆ ಬಂದು ಕೂತವರನ್ನು ಹಾಗೇ ಕೂರಿಸುವುದುಂಟೇ? ಒಳಗಿನಿಂದ ಹಬೆಯಾಡುವ ಇಡ್ಲಿ ಬಂತು, ತೆಂಗಿನಕಾಯಿ ಚಟ್ನಿ ಬಂತು. ಮ್ಹಾತ್ರೆ ಶೇಟ್ ಬೇಡ ಎಂದು ಎರಡು ತಿಂದರು. ಸಾಕು ಎಂದು ಇನ್ನೆರಡು ತಿಂದರು. ಆಮೇಲೆ ಏನೂ ಅನ್ನದೆ ತಿಂದರು. ಲೇಲೆ ಕಾಕಾ ಸೆಕ್ರೆಟರಿಯಾಗಿ ಮುಟ್ಟುವುದಿಲ್ಲ ಎಂದು ಶುರುಮಾಡಿ, ಮೊದಲ ತುತ್ತು ಬಾಯಿಗಿಟ್ಟು ಹೆಂಡತಿಯ ಕಡೆ ತಿರುಗಿದರು. "ಅರೆ, ಮೊನ್ನೆ ನೀನು ಮಾಡಿದ ಇಡ್ಲಿಯೂ ಹೀಗೇ ಇತ್ತಲ್ಲ?" ಕಾಕೂ ಕಿಟಕಿಯ ಹೊರಗೆ ನೋಡತೊಡಗಿದರು.

ಬಿಸಿಲು ಏರಿತು. ತೆಂಗಿನೆಣ್ಣೆಯ ಪರಿಮಳ ಮೆಲ್ಲನೆ ಕೋಣೆಗೆ ಬಂತು. ಮ್ಹಾತ್ರೆ ಶೇಟ್ ಮೂಗು ಎತ್ತಿ "ಚಿಪ್ಸ್?" ಎಂದರು. "ಕಂಪ್ಯೂಟರು," ಎಂದ ದಯಾನಂದ. ಡಬ್ಬದಿಂದ ಒಂದು ಹನಿ ಎಣ್ಣೆ ತುಳಸಿಯ ಕುಂಡಕ್ಕೆ ತೊಟ್ಟಿಕ್ಕಿತು. ಎಲ್ಲರ ಕೈಯೂ ತಟ್ಟೆಯಲ್ಲೇ ನಿಂತಿತು.

ಒಂದು ಕೆಮ್ಮು ಬಂತು.

ಹರಿಣಾಕ್ಷಿ ಎರಡೂ ಕೈ ಜೋಡಿಸಿದಳು. ಗೊರ... ಗೊರಗೊರ... ಗುಳುಗುಳು ಗರ್‍ರ್‍ರ್‍ರ್! ಕಿಟಕಿಯ ಸರಳು ನಡುಗಿತು, ತುಳಸಿ ನಡುಗಿತು, ಎದುರು ಮನೆಯಲ್ಲಿ ನನ್ನ ಲೋಟಗಳೂ ನಡುಗಿದವು. ದಯಾನಂದ ಎದ್ದು ಕುಣಿದೇಬಿಟ್ಟ. "ಕೇಳಿ ಶೇಟ್! ಕೇಳಿ ಕಾಕಾ! ಹಳೇದು! ಅಪ್ಪಟ ಹಳೇದು!" ಅಷ್ಟು ಹೆಮ್ಮೆಯಿಂದ ಅವನು ಹೊಸದು ಎಂದೂ ಹೇಳಿರಲಿಲ್ಲ. ಹರಿಣಾಕ್ಷಿ ನಗುತ್ತಲೂ ಇದ್ದಳು, ಕಣ್ಣು ಒರಸಿಕೊಳ್ಳುತ್ತಲೂ ಇದ್ದಳು. ಆ ದರಿದ್ರ ಸದ್ದು ಕೇಳಿ ನನ್ನ ಹೊಟ್ಟೆಯೂ ತಣ್ಣಗಾಯಿತು ಎಂದರೆ ನೀವು ನಂಬಬೇಕು.

ಮ್ಹಾತ್ರೆ ಶೇಟ್ ಕೈ ತೊಳೆದುಕೊಂಡು ಬಂದು ತೀರ್ಪು ಕೊಟ್ಟರು. ಮನೆ ಖಾಲಿ ಮಾಡುವುದು ಬೇಡ, ಕರಾರು ಮುಂದುವರಿಯಲಿ, ಎರಡರಿಂದ ನಾಲ್ಕು ಕಂಪ್ಯೂಟರು ಬಂದ್. ಬಾಗಿಲವರೆಗೆ ಹೋದವರು ತಿರುಗಿ ಬಂದು, ಹರಿಣಾಕ್ಷಿಯ ಹತ್ತಿರ ತಗ್ಗಿದ ದನಿಯಲ್ಲಿ ಏನೋ ಕೇಳಿದರು. ಏನೆಂದು ನನಗೆ ಕೇಳಿಸಲಿಲ್ಲ. ಹೋಗುವಾಗ ಅವರ ಕೈಯಲ್ಲಿ ತೂಗುವ ಚೀಲವಿತ್ತು.

ಕತೆ ಇಲ್ಲಿಗೆ ಮುಗಿಯಬೇಕು. ಆದರೆ ಸಂಕ್ರಾಂತಿ ಕಳೆದ ಮೇಲೆ ಮಧ್ವರಾಜ ಸಾನಪಾಡಾದಿಂದ ಬಂದ. ನಡೆದದ್ದನ್ನೆಲ್ಲ ತಂಗಿಯಿಂದ ಮೊದಲೇ ಫೋನಿನಲ್ಲಿ ಕೇಳಿದ್ದ ಅವನು ಹೊಟ್ಟೆ ಹಿಡಿದು ನಕ್ಕು, "ಭಾವ, ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ರಂಪವಾ?" ಎನ್ನುತ್ತಾ ಜೇಬಿನಿಂದ ಒಂದು ಹೊಸ ಫ್ಯಾನು ತೆಗೆದು ಕೂರಿಸಿಕೊಟ್ಟ. ಅಂದಿನಿಂದ ದಯಾನಂದನ ಕಂಪ್ಯೂಟರಿಗೆ ನಿಜವಾಗಿ ಸದ್ದಿಲ್ಲ. ಕಿವಿ ಇಟ್ಟರೂ ಉಂಟೋ ಇಲ್ಲವೋ ತಿಳಿಯುವುದಿಲ್ಲ. ಅರ್ಥಧಾರಿಗಳ ಒಂದೊಂದು ಮಾತೂ ಸ್ಪಷ್ಟ.

ಅದೇ ವಾರ ದಯಾನಂದ ಮತ್ತು ಮಗಳು ಏನನ್ನೋ ಮೆಟ್ಟಿಲು ಹತ್ತಿಸುತ್ತಿದ್ದರು. ಅದೇ ಹೂವಿನ ಬೆಡ್‌ಶೀಟಿನಲ್ಲಿ ಸುತ್ತಿತ್ತು, ಕಂಪ್ಯೂಟರಿಗಿಂತ ಭಾರವಾಗಿ ಕಾಣುತ್ತಿತ್ತು, ಒಳಗೆ ಕಲ್ಲಿದ್ದ ಹಾಗೆ. ನಾನು ಬಾಗಿಲು ತೆರೆದು ನಿಂತದ್ದು ಗಾಳಿಗೆ.

ಈಗ ಆ ಮನೆಯಿಂದ ಬೆಳಿಗ್ಗೆ ಬೇಗನೆ ಗರ್‍ರ್‍ರ್ ಎಂದು ಶುರುವಾಗುತ್ತದೆ. ಮಧ್ಯಾಹ್ನ ಎರಡಕ್ಕೆ ಸರಿಯಾಗಿ ನಿಲ್ಲುತ್ತದೆ. ಯಾರಾದರೂ ಹೊಸಬರು ಕೇಳಿದರೆ ದಯಾನಂದ ನಾಚಿಕೆಯಿಲ್ಲದೆ ಹೇಳುತ್ತಾನೆ: "ಎಂತ ಮಾಡುದು ಮಾರಾಯ್ರೆ, ಹಳೇ ಕಂಪ್ಯೂಟರು. ಭಾವ ಕೊಟ್ಟದ್ದು." ಭಾನುವಾರ ಬೆಳಿಗ್ಗೆ ಬಾಗಿಲ ಹೊರಗೆ ಡಬ್ಬಿಗಳು ಸಾಲಾಗಿ ಕೂರುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಮ್ಹಾತ್ರೆ ಶೇಟರದ್ದು, ರಿಕ್ಷಾದಲ್ಲಿ ಬಂದು ರಿಕ್ಷಾದಲ್ಲಿ ಹೋಗುತ್ತದೆ. ನನ್ನದೂ ಒಂದು ಇದೆ, ಚಿಕ್ಕದು. ಹರಿಣಾಕ್ಷಿ ಪಾತ್ರೆ ಕಟ್ಟುವ ಮಾತು ಆಡಿದ್ದನ್ನು ಆಮೇಲೆ ನಾನು ಕೇಳಿಲ್ಲ. ತುಳಸಿ ಕಿಟಕಿಯೆತ್ತರ ಬೆಳೆದಿದೆ.

ಲೇಲೆ ಕಾಕಾ ಮಾತ್ರ ನಿಯಮದ ಮನುಷ್ಯ. ಸೊಸೈಟಿಯಲ್ಲಿ ಧಂದೆ ನಡೆಯಕೂಡದು ಎಂದು ಈಗಲೂ ಪ್ರತಿ ಸಭೆಯಲ್ಲಿ ಮೇಜು ಕುಟ್ಟುತ್ತಾರೆ. ಹ್ಞಾ, ಮೊನ್ನೆ ಮೆಟ್ಟಿಲಲ್ಲಿ ದಯಾನಂದನನ್ನು ನಿಲ್ಲಿಸಿ, ಆಚೀಚೆ ನೋಡಿ, ದನಿ ತಗ್ಗಿಸಿ ಹೇಳುತ್ತಿದ್ದದ್ದು ನನ್ನ ಕಿವಿಗೆ ತಾನಾಗಿಯೇ ಬಿತ್ತು.

"ದಯಾನಂದ, ಬೇಸರ ಮಾಡಿಕೊಳ್ಳಬೇಡ. ನಿನ್ನೆಯ ಕಂಪ್ಯೂಟರು ಸ್ವಲ್ಪ ಹುಳಿಯಾಗಿತ್ತು."